ನಿಮಗಿದು ಗೊತ್ತೇ? ಈಜುಕೊಳಕ್ಕೆ ಮಳೆ ಅಂದರೆ ಆಗಿಬರುವುದಿಲ್ಲ!

ಮಳೆನೀರಿಗಿಂತ ಶುದ್ಧ ನೀರು ಇನ್ನೆಲ್ಲಿ ಸಿಗುತ್ತೆ ಅಂತೀರಾ? ಈಜುಕೊಳ ನೋಡಿಕೊಳ್ಳುವವರ ಎದುರು ಮಾತ್ರ ಹಾಗನ್ನಬೇಡಿ. ಜಡಿಮಳೆ ಹೊಳವಾದ ಕೂಡಲೇ ಅವರು ಹುಡುಕುವುದು ಟೆಸ್ಟ್ ಕಿಟ್!

ಮಳೆಹನಿ ಹುಳಿ! ಹೌದು, ಹೊಗೆ ಕಾರ್ಖಾನೆ ಏನೂ ಇಲ್ಲದ ಕಾಡಿನಲ್ಲೂ ಅಷ್ಟೇ. ಗಾಳಿಯ ಕಾರ್ಬನ್ ಡೈ ಆಕ್ಸೈಡ್ ಕರಗಿ ಹನಿಯ ಪಿಎಚ್ ಸುಮಾರು 5.6ಕ್ಕೆ ಇಳಿದಿರುತ್ತದೆ. ಕೊಳದ ನೀರಿಗೆ ಬೇಕಾದದ್ದು 7.2ರಿಂದ 7.8. ಎರಡೇ ಅಂಕಿ ವ್ಯತ್ಯಾಸ ತಾನೇ ಅನ್ನಬೇಡಿ. ಒಂದೊಂದು ಅಂಕಿ ಇಳಿದಾಗಲೂ ಹುಳಿ ಹತ್ತು ಪಟ್ಟು ಏರುತ್ತದೆ. 7.6ರ ಕೊಳಕ್ಕೆ ಹೋಲಿಸಿದರೆ 5.6ರ ಮಳೆ ನೂರು ಪಟ್ಟು ಹುಳಿ!

ಹಾಗಾದರೆ ಒಂದೇ ಮಳೆಗೆ ಕೊಳವೆಲ್ಲ ಹುಳಿಯಾಗಬೇಕಿತ್ತಲ್ಲ? ಆಗುವುದಿಲ್ಲ! ನೀರಿನಲ್ಲಿ ಕರಗಿರುವ ಬೈಕಾರ್ಬನೇಟ್ ಆ ಹುಳಿಯನ್ನು ಸದ್ದಿಲ್ಲದೆ ನುಂಗಿಬಿಡುತ್ತದೆ. ದಿನಾ ಮಳೆ ಹೊಯ್ದರೆ ಮಾತ್ರ ಕಷ್ಟ. ತುಂಬಿ ಹರಿಯುವ ನೀರಿನ ಜೊತೆ ಬೈಕಾರ್ಬನೇಟೂ ಹೊರಟುಹೋಗುತ್ತದೆ. ಅದಕ್ಕೆ ಮದ್ದೇನು ಗೊತ್ತೇ? ನಿಮ್ಮ ಮನೆಯ ಬೋಂಡಾ ಹಿಟ್ಟಿಗೆ ಬೀಳುವ ಅದೇ ಅಡುಗೆ ಸೋಡಾ! ಒಂದು ಲಕ್ಷ ಲೀಟರ್ ನೀರಿನ ಕ್ಷಾರತೆಯನ್ನು 10 ಪಿಪಿಎಂ ಏರಿಸಲು ಸುಮಾರು 1.7 ಕೆಜಿ ಸೋಡಾ ಸಾಕು.

ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್. 25 ಮೀಟರ್ ಉದ್ದ, 10 ಮೀಟರ್ ಅಗಲದ ಕೊಳಕ್ಕೆ 100 ಮಿ.ಮೀ. ಮಳೆ ಬಿತ್ತೆನ್ನಿ. 25,000 ಲೀಟರ್ ಪುಕ್ಕಟೆ ನೀರು!

ನಮ್ಮ ಆಗುಂಬೆಯ ಲೆಕ್ಕ ಕೇಳಿ. ಅಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ. ಒಂದೂವರೆ ಮೀಟರ್ ಆಳದ ಕೊಳವನ್ನು ಖಾಲಿಯಾಗಿ ಬಿಟ್ಟರೆ, ಆವಿಯಾಗುವುದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಆಕಾಶವೇ ಅದನ್ನು ನಾಲ್ಕು ಸಲ ತುಂಬಿಸಿ ಐದನೆಯದಕ್ಕೂ ಕೈಹಾಕುತ್ತದೆ!

ಮಳೆನೀರು ಕೊಳದ ಗೋಡೆಯನ್ನೇ ತಿನ್ನಬಲ್ಲದು. ಅದರಲ್ಲಿ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಮಳೆ ಬಿದ್ದೂ ಬಿದ್ದೂ ಕೊಳದ ಕ್ಯಾಲ್ಸಿಯಂ ತೀರಾ ಇಳಿದರೆ, ನೀರು ಸಿಮೆಂಟ್ ಗಿಲಾವಿನಿಂದಲೇ ಅದನ್ನು ಕಿತ್ತುಕೊಳ್ಳುತ್ತದೆ. ನೀರು ತಿನ್ನುವ ಜಾತಿಯದೋ, ಸುಣ್ಣದ ಪದರ ಕಟ್ಟುವ ಜಾತಿಯದೋ ಎಂದು ಹೇಳುವ ಲೆಕ್ಕವೂ ಒಂದಿದೆ. ಅಮೆರಿಕದ ಲ್ಯಾಂಗ್ಲಿಯರ್ 1936ರಲ್ಲಿ ಕೊಟ್ಟದ್ದು. ಮಜಾ ಅಂದರೆ, ಅವರ ತಲೆಯಲ್ಲಿದ್ದದ್ದು ಈಜುಕೊಳವಲ್ಲ, ಊರಿನ ನೀರಿನ ಪೈಪು!

ಮಳೆಯಿಂದ ಉಪಕಾರವೂ ಉಂಟು! ಬಿಸಿಲಿಗೆ ಕ್ಲೋರಿನ್ ಹಾರಿಹೋಗದಂತೆ ಸಯನ್ಯೂರಿಕ್ ಆಮ್ಲ ಹಾಕುತ್ತಾರೆ. ಹೆಚ್ಚಾದರೆ ಅದೇ ಕ್ಲೋರಿನ್ನಿನ ಕೈಕಟ್ಟಿ ಕೂರಿಸುತ್ತದೆ. ಅದನ್ನು ಇಳಿಸುವ ಸುಲಭದ ದಾರಿ ಒಂದೇ, ಹಳೇ ನೀರು ತೆಗೆದು ಹೊಸ ನೀರು ಬಿಡುವುದು. ಮಳೆಗಾಲ ಈ ಕೆಲಸವನ್ನು ಬಿಟ್ಟಿಯಾಗಿ ಮಾಡಿಕೊಡುತ್ತದೆ!

ಗುಡುಗು ಸಿಡಿಲು ಪಾಚಿಗೆ ಗೊಬ್ಬರ! ಸಿಡಿಲಿನ ಬಿಸಿಗೆ ಗಾಳಿಯ ನೈಟ್ರೋಜನ್ ಮತ್ತು ಆಮ್ಲಜನಕ ಸೇರಿಕೊಳ್ಳುತ್ತವೆ. ಕೊನೆಗೆ ಅದು ನೈಟ್ರೇಟ್ ಆಗಿ ಮಳೆಯ ಜೊತೆ ಕೆಳಗಿಳಿಯುತ್ತದೆ. ಗದ್ದೆಗೆ ಒಳ್ಳೆಯದೇ. ಕೊಳಕ್ಕೆ?

ಕೊಳ ಹಸಿರಾಗಲು ಮಳೆಯೇ ಬೇಕೆಂದಿಲ್ಲ, ಕ್ಲೋರಿನ್ ಸತ್ತರೆ ಸಾಕು. 2016ರ ರಿಯೋ ಒಲಿಂಪಿಕ್ಸ್ ನೆನಪಿದೆಯೇ? ಡೈವಿಂಗ್ ಕೊಳ ಒಂದೇ ದಿನದಲ್ಲಿ ಪಚ್ಚೆಹಸಿರು! ಯಾರೋ ಅದಕ್ಕೆ 80 ಲೀಟರ್ ಹೈಡ್ರೋಜನ್ ಪೆರಾಕ್ಸೈಡ್ ಸುರಿದಿದ್ದರು. ಅದೂ ಶುದ್ಧಿ ಮಾಡುವ ವಸ್ತುವೇ, ಕ್ಲೋರಿನ್ನೂ ಶುದ್ಧಿ ಮಾಡುವ ವಸ್ತುವೇ. ಎರಡೂ ಸೇರಿದರೆ ಒಂದನ್ನೊಂದು ಮುಗಿಸಿಬಿಡುತ್ತವೆ! ಪಕ್ಕದ ಕೊಳವೂ ಹಸಿರಾಯಿತು. ಡೈವಿಂಗ್ ಸ್ಪರ್ಧೆ ಮಾತ್ರ ನಿಲ್ಲಲಿಲ್ಲ, ಕ್ರೀಡಾಪಟುಗಳು ಆ ಹಸಿರಿಗೇ ಧುಮುಕಿದರು. ಪುಣ್ಯಾತ್ಮರು!

ಮೂಗಿಗೆ ಘಾಟು ಹೊಡೆದರೆ ಕ್ಲೋರಿನ್ ಜಾಸ್ತಿ ಅಂದುಕೊಳ್ಳುತ್ತೀರಲ್ಲ? ಬಹುಮಟ್ಟಿಗೆ ಉಲ್ಟಾ! ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿ ಆಗುವ ಕ್ಲೋರಮೈನ್‌ನ ವಾಸನೆ ಅದು. ಅಂದರೆ ಕೆಲಸ ಮಾಡುವ ಕ್ಲೋರಿನ್ ಸಾಲುತ್ತಿಲ್ಲ ಅಂತ. ಮೂತ್ರದ ವಿಷಯ ಬರೆಯಬಾರದಿತ್ತೇನೋ, ಆದರೆ ನಿಜ.

ಪರೀಕ್ಷೆಯೂ ಮೋಸ ಮಾಡುತ್ತದೆ! ಡಿಪಿಡಿ ಮಾತ್ರೆ ಹಾಕಿದಾಗ ನೀರು ಗುಲಾಬಿಯಾದರೆ ಕ್ಲೋರಿನ್ ಇದೆ ಎಂದರ್ಥ. ಆದರೆ ಕ್ಲೋರಿನ್ ವಿಪರೀತವಾದರೆ ಬಣ್ಣವನ್ನೇ ಬಿಳಿಚಿಸಿ ಏನೂ ಇಲ್ಲದಂತೆ ತೋರಿಸುತ್ತದೆ. ನಂಬಿ ಇನ್ನಷ್ಟು ಸುರಿದಿರೋ, ಕಣ್ಣು ಕೆಂಪಾಗುವುದು ಖಂಡಿತ!

ಕೆಸರುನೀರು ನುಗ್ಗಿದರೆ ಪಟಿಕ ಬಳಸುತ್ತಾರೆ. ಮಣ್ಣಿನ ಕಣಗಳು ಗುಂಪುಗೂಡಿ ತಳಕ್ಕೆ ಕೂರುತ್ತವೆ. ಆದರೆ ಪಟಿಕವೂ ಹುಳಿ, ಪಿಎಚ್ ಇನ್ನೂ ಇಳಿಯುತ್ತದೆ. ಮತ್ತೆ ಸೋಡಾ ಡಬ್ಬ!

ಇಷ್ಟೆಲ್ಲ ಗೋಳು ಯಾಕೆ, ನೀರನ್ನೆಲ್ಲ ಖಾಲಿ ಮಾಡಿ ಹೊಸದು ತುಂಬಿಸೋಣ ಅಂತೀರಾ? ನಿಲ್ಲಿ, ನಿಲ್ಲಿ! ಭಾರೀ ಮಳೆಯಾದ ಮೇಲೆ ಸುತ್ತಲಿನ ನೆಲ ನೀರು ಕುಡಿದು ಉಬ್ಬಿರುತ್ತದೆ. ಒಳಗಿನ ನೀರಿನ ಭಾರ ಹೋದರೆ ಹೊರಗಿನ ನೀರು ತಳದಿಂದ ಮೇಲಕ್ಕೆ ಒತ್ತುತ್ತದೆ. ಆಗ ಕಾಂಕ್ರೀಟಿನ ಇಡೀ ತೊಟ್ಟಿಯೇ ನೆಲದಿಂದ ಮೇಲೆದ್ದು ಬರಬಹುದು! ಹಾಗಾಗದಿರಲಿ ಅಂತಲೇ ಎಷ್ಟೋ ಕೊಳಗಳ ತಳದಲ್ಲಿ ಒಂದು ಪುಟ್ಟ ವಾಲ್ವ್ ಇರುತ್ತದೆ. ಹೊರಗಿನ ಒತ್ತಡ ಜಾಸ್ತಿಯಾದರೆ ಅದು ತಾನಾಗಿ ತೆರೆದುಕೊಂಡು ನೆಲದಡಿಯ ನೀರನ್ನು ಕೊಳದೊಳಕ್ಕೇ ಬಿಟ್ಟುಕೊಳ್ಳುತ್ತದೆ. ನೀವು ಖಾಲಿ ಮಾಡಿದ ಕೊಳವನ್ನು ಭೂಮಿಯೇ ತುಂಬಿಸುತ್ತದೆ!