ಕರುಳು ತಲುಪದ ಕೋಶಗಳು, ಬೈಗುಳ ತಿನ್ನೋ ಬಾಣಂತಿ

ಮಗು ಹುಟ್ಟಿ ಎರಡು ದಿನವಾದರೂ ಕಪ್ಪು ಮಲ ಹೋಗಿಲ್ಲ, ಹೊಟ್ಟೆ ಉಬ್ಬಿದೆ. ಮನೆಯಲ್ಲಿ ಮೊದಲ ಪ್ರಶ್ನೆ ಬಾಣಂತಿಗೇ: "ಗ್ರಹಣದ ದಿನ ಹೊರಗೆ ಹೋಗಿದ್ಯಾ? ಏನು ತಿಂದೆ?"

ಆದರೆ ಇದು ಹಿರ್ಷ್‌ಸ್ಪ್ರಂಗ್ ಕಾಯಿಲೆ ಇರಬಹುದು. ಸುಮಾರು 5,000 ಶಿಶುಗಳಲ್ಲಿ ಒಂದಕ್ಕೆ ಬರುವ ಇದರ ಮೂಲ, ಭ್ರೂಣದೊಳಗೆ ನಡೆಯುವ ಒಂದು ವಲಸೆಯಲ್ಲಿದೆ.

ಕರುಳನ್ನು ನಡೆಸುವ ನರಕೋಶಗಳು ಕರುಳಲ್ಲೇ ಹುಟ್ಟಲ್ಲ. ಅವುಗಳ ಪೂರ್ವಜರಾದ ನ್ಯೂರಲ್ ಕ್ರೆಸ್ಟ್ ಕೋಶಗಳು, ಮುಂದೆ ಮೆದುಳು ಮತ್ತು ಬೆನ್ನುಹುರಿ ಆಗುವ ಕೊಳವೆಯ ಅಂಚಿನಿಂದ ಹೊರಡುತ್ತವೆ. ಭ್ರೂಣದ ಸುಮಾರು 4ರಿಂದ 7ನೇ ವಾರದೊಳಗೆ ಕರುಳಿನ ತುದಿವರೆಗೂ ಸಾಗಬೇಕು.

ದಾರಿ ತೋರಿಸೋದು ಯಾರು? ಕರುಳಿನ ಗೋಡೆ ಜಿಡಿಎನ್‌ಎಫ್ ಎಂಬ ಬೆಳವಣಿಗೆ ಅಂಶವನ್ನು ಸ್ರವಿಸುತ್ತೆ. ಕೋಶದ ಮೈಮೇಲಿನ ರೆಟ್ ಎಂಬ ಗ್ರಾಹಕ ಅದನ್ನು ಹಿಡಿದಾಗ ಕೋಶ ಉಳಿಯುತ್ತೆ, ವಿಭಜನೆಯಾಗುತ್ತೆ, ಮುಂದೆ ಹೋಗುತ್ತೆ. ಇದು ಕರೆ. ಕಾಲೂರಲು ನೆಲವೂ ಬೇಕು. ಕೋಶಗಳ ನಡುವಿನ ಪ್ರೋಟೀನ್ ಜಾಲವೇ ಆ ನೆಲ. ಅದರಲ್ಲಿನ ಫೈಬ್ರೊನೆಕ್ಟಿನ್, ಲ್ಯಾಮಿನಿನ್ ಎಳೆಗಳನ್ನು ಇಂಟೆಗ್ರಿನ್ ಎಂಬ ಕೊಕ್ಕೆಗಳಿಂದ ಹಿಡಿದು ಕೋಶ ತನ್ನನ್ನು ಮುಂದಕ್ಕೆಳೆದುಕೊಳ್ಳುತ್ತೆ.

ರೆಟ್ ಜೀನ್‌ನಲ್ಲಿ ದೋಷವಿದ್ದರೆ ವಲಸೆ ಅರ್ಧಕ್ಕೇ ನಿಲ್ಲಬಹುದು. ಕರುಳಿನ ಕೊನೆಯ ಭಾಗಕ್ಕೆ ನರಕೋಶ ತಲುಪದಿದ್ದರೆ ಅದು ಸಡಿಲಗೊಳ್ಳಲ್ಲ, ಮಲ ಅಲ್ಲೇ ಕಟ್ಟಿಕೊಳ್ಳುತ್ತೆ. ಆ ಭಾಗ ತೆಗೆದು ಆರೋಗ್ಯವಂತ ಕರುಳನ್ನು ಕೆಳಗೆ ಜೋಡಿಸುವ ಶಸ್ತ್ರಚಿಕಿತ್ಸೆ ಇದೆ. ತಡವಾದರೆ ಕರುಳಿನ ಉರಿಯೂತ ಜೀವಕ್ಕೇ ಕುತ್ತು.

ಈ ವಲಸೆ ಶುರುವಾಗುವಾಗ ಎಷ್ಟೋ ಹೆಂಗಸರಿಗೆ ತಾವು ಬಸಿರಿ ಅಂತಲೇ ಗೊತ್ತಿರಲ್ಲ. ಅವರನ್ನು ಕಟಕಟೆಗೆ ನಿಲ್ಲಿಸುವ ಹೊತ್ತಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಮಕ್ಕಳ ಶಸ್ತ್ರಚಿಕಿತ್ಸಕರು ನಮ್ಮ ಜಿಲ್ಲೆಯಲ್ಲಿ ಇದ್ದಾರಾ?