ಕಪಿಲೆಯ ಹಿನ್ನೀರಿನಲ್ಲಿ ಕೀರ್ತಿಪುರ

ಹೆಗ್ಗಡದೇವನಕೋಟೆಯ ಸೀಮೆಯಲ್ಲಿ, ಬೀಚನಹಳ್ಳಿ ಬಿದರಹಳ್ಳಿಗಳ ನಡುವೆ, ವಯನಾಡಿನ ಬೆಟ್ಟಗಳಿಂದ ಇಳಿದುಬರುವ, ಕಬಿನಿಯೆಂದೂ ಕರೆಯುವ ಕಪಿಲೆಗೆ ಅಡ್ಡಲಾಗಿ ಕಟ್ಟಿ 1974ರಲ್ಲಿ ಮುಗಿಸಿದ ಅಣೆಯನ್ನು ನೋಡಹೋಗುವವರು ವಿಸ್ತಾರವಾದ ಜಲರಾಶಿಯನ್ನೂ, ಅದರಂಚಿನ ಅರಣ್ಯವನ್ನೂ, ಬೇಸಗೆಯಲ್ಲಿ ನೀರಿಗಿಳಿಯುವ ಆನೆಯ ಹಿಂಡುಗಳನ್ನೂ ಕಂಡು ಸಂತುಷ್ಟರಾಗಿ ಹಿಂದಿರುಗುತ್ತಾರೆ. ಆ ಜಲರಾಶಿಯೊಳಗೆ ಕನ್ನಡನಾಡಿನ ಅತಿ ಪ್ರಾಚೀನ ಪಟ್ಟಣಗಳಲ್ಲೊಂದು ಅಡಗಿರುವ ಸಂಗತಿಯನ್ನು ಅರಿತವರು ವಿರಳ. ಆ ಪಟ್ಟಣವೇ ಪುನ್ನಾಟದ ಅರಸರ ರಾಜಧಾನಿಯಾಗಿದ್ದ ಕೀರ್ತಿಪುರ. ಶಾಸನಗಳು ಕಿತ್ತಿಪುರವೆಂದೂ ಕರೆಯುವ ಈ ಸ್ಥಳವು ಕಾಲಾಂತರದಲ್ಲಿ ಕಿತ್ತೂರೆಂಬ ಹಳ್ಳಿಯಾಗಿ ಉಳಿದಿತ್ತು.

ಪುನ್ನಾಟದ ಹೆಸರು ಮೊದಲು ಕೇಳಿಬರುವುದು ನಮ್ಮ ನಾಡಿನಿಂದ ಬಹುದೂರದಲ್ಲಿ. ಕ್ರಿ.ಶ. 2ನೆಯ ಶತಮಾನದಲ್ಲಿ ಈಜಿಪ್ಟಿನ ಅಲೆಗ್ಸಾಂಡ್ರಿಯಾದಲ್ಲಿದ್ದ ಭೂಗೋಳಜ್ಞ ಟಾಲೆಮಿಯು ಒಳನಾಡಿನ ಪೌನ್ನಾಟವನ್ನು ಹೆಸರಿಸಿ, ವೈಡೂರ್ಯವೆಂದು ನಮ್ಮವರು ಎಣಿಸಿದ ಹಸಿರುನೀಲಿಯ ಬೆರಿಲ್ ಮಣಿ ಅಲ್ಲಿ ದೊರೆಯುವುದೆಂದು ಬರೆದಿಟ್ಟನು. ಈ ಮಣಿಯೆಂದರೆ ರೋಮಿನ ಶ್ರೀಮಂತರಿಗೆ ಪ್ರಾಣ. ನೆರೆಯ ಕೊಂಗುನಾಡಿನ ಪಡಿಯೂರಿನಲ್ಲಿ ಇದರ ಗಣಿಗಳಿದ್ದುವು, ಆ ಪ್ರಾಂತದಲ್ಲಿ ರೋಮಿನ ನಾಣ್ಯಗಳು ಹೇರಳವಾಗಿ ದೊರೆತಿವೆ.

ಕಾಶ್ಯಪಗೋತ್ರದ ರಾಷ್ಟ್ರವರ್ಮ, ನಾಗದತ್ತ, ಭುಜಗ, ಸ್ಕಂದವರ್ಮ, ರವಿದತ್ತ ಎಂಬ ಅರಸರ ಪರಂಪರೆಯು ತಾಮ್ರಪಟಗಳಲ್ಲಿ ದೊರೆಯುತ್ತದೆ. ಇವರು ದಿಗ್ವಿಜಯಗಳ ಚಕ್ರವರ್ತಿಗಳಲ್ಲ. ಕಾಡಿಗೂ ಬಯಲಿಗೂ ನಡುವಣ ನದೀತೀರದ ಒಂದು ಚಿಕ್ಕ ರಾಜ್ಯವನ್ನು ಆಳಿಕೊಂಡು, ಭೂಮಿಯನ್ನು ದಾನಮಾಡಿ ಅದನ್ನು ತಾಮ್ರದ ಹಲಗೆಗಳಲ್ಲಿ ಬರೆಯಿಸಿದವರು. ಸ್ಕಂದವರ್ಮನ ಮಗಳು ಗಂಗರ ಅವಿನೀತನ ಕೈಹಿಡಿದಳು; ಅವರ ಮಗನೇ 6ನೆಯ ಶತಮಾನದ ದುರ್ವಿನೀತ. ತಾಯಿಯ ಕಡೆಯಿಂದ ಪುನ್ನಾಟವು ಅವನ ವಶವಾಗಿ, ಕ್ರಮೇಣ ಗಂಗರಾಜ್ಯದಲ್ಲಿ ಲೀನವಾಗಿ, ಮುಂದೆ ಪುನ್ನಾಡು ಆರುಸಾಸಿರವೆಂಬ ಪ್ರಾಂತವಾಗಿ ಉಳಿಯಿತು. ಭಾರವಿಯ ಕಿರಾತಾರ್ಜುನೀಯದ ಕಠಿನತಮವಾದ ಹದಿನೈದನೆಯ ಸರ್ಗಕ್ಕೆ ಟೀಕೆಯನ್ನು ಬರೆದನೆಂದು, ಬೃಹತ್ಕಥೆಯನ್ನು ಸಂಸ್ಕೃತಕ್ಕೆ ತಂದನೆಂದು ಗಂಗರ ಶಾಸನಗಳು ಈ ದುರ್ವಿನೀತನನ್ನು ಕೊಂಡಾಡುತ್ತವೆ. 9ನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ಗದ್ಯಕರ್ತರ ಸಾಲಿನಲ್ಲಿ ಹೇಳುವ ದುರ್ವಿನೀತನೂ ಇವನೇ ಎಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಹಾಗಾದರೆ ನಮ್ಮ ಗದ್ಯದ ಮೊದಲಿಗರಲ್ಲೊಬ್ಬನು ಕೀರ್ತಿಪುರದ ದೌಹಿತ್ರನೆಂದಾಯಿತು. ಈ ಸೀಮೆಯವರು ಇದಕ್ಕಿಂತ ಹೆಚ್ಚಾಗಿ ಹೆಮ್ಮೆಪಡತಕ್ಕ ವಿಷಯವನ್ನು ನಾನು ಕಾಣೆ.

ಜೈನರ ಸ್ಮೃತಿಯಲ್ಲಿಯೂ ಈ ನಾಡಿಗೆ ಗೌರವದ ಸ್ಥಾನವಿದೆ. ಆಚಾರ್ಯ ಭದ್ರಬಾಹುವಿನ ಆಣತಿಯಂತೆ ಮುನಿಸಂಘವು ದಕ್ಷಿಣಾಪಥದ ಪುನ್ನಾಟವಿಷಯಕ್ಕೆ ಬಂದಿತೆಂದು 10ನೆಯ ಶತಮಾನದ ಹರಿಷೇಣನು ಬೃಹತ್ಕಥಾಕೋಶದಲ್ಲಿ ಹೇಳಿದ್ದಾನೆ. ಕ್ರಿ.ಶ. 783ರಲ್ಲಿ ಹರಿವಂಶಪುರಾಣವನ್ನು ಮುಗಿಸಿದ ಜಿನಸೇನನೂ, ಈ ಹರಿಷೇಣನೂ ಇದೇ ನಾಡಿನ ಹೆಸರನ್ನು ಹೊತ್ತ ಪುನ್ನಾಟಸಂಘದವರು. ಇವರು ಗ್ರಂಥರಚನೆ ಮಾಡಿದ್ದು ದೂರದ ಪಶ್ಚಿಮ ಭಾರತದಲ್ಲಿ. ಆದರೂ ಸಂಘದ ಹೆಸರನ್ನು ಬಿಟ್ಟುಕೊಡಲಿಲ್ಲ.

ರಾಜಧಾನಿಯ ವೈಭವವು ಕಳೆದಮೇಲೆ ಕಿತ್ತೂರು ರಾಮೇಶ್ವರನ ಗುಡಿಯನ್ನಿಟ್ಟುಕೊಂಡು ಶತಮಾನಗಳನ್ನು ಕಳೆಯಿತು. ಕಬಿನಿ ಜಲಾಶಯದ ನೀರು ಏರಿದಾಗ ಈ ಊರೂ, ಅದರೊಡನೆ ಅನೇಕ ಗ್ರಾಮಗಳೂ, ಜೇನುಕುರುಬ ಕಾಡುಕುರುಬರ ಹಾಡಿಗಳೂ ಮುಳುಗಿದುವು. ಹತ್ತೊಂಬತ್ತೂವರೆ ಟಿ.ಎಂ.ಸಿ.ಯಷ್ಟು ನೀರನ್ನು ಹಿಡಿಯುವ ಈ ಅಣೆಯಿಂದ ಕೆಳಗಣ ಗದ್ದೆಗಳು ಹಸಿರಾದುದನ್ನು ನಾನು ಅಲ್ಲಗಳೆಯೆನು. ಆದರೆ ಅಣೆಗೆ ಬರುವ ಸಾವಿರಾರು ಜನಕ್ಕೆ ಸಫಾರಿಯ ದಾರಿಯನ್ನು ತೋರುವಷ್ಟೇ ಶ್ರದ್ಧೆಯಿಂದ ಪುನ್ನಾಟದ ಕಥೆಯನ್ನೂ ತಿಳಿಸಬೇಕು. ರವಿದತ್ತನ ತಾಮ್ರಪಟಗಳ ಪ್ರತಿಕೃತಿಗಳನ್ನೂ, ಕಿತ್ತೂರಿನ ಹಳೆಯ ನಕ್ಷೆಯನ್ನೂ, ಊರು ಬಿಟ್ಟುಬಂದ ಹಿರಿಯರು ನೆನಪಿನಿಂದ ಹೇಳುವ ಬೀದಿ, ಬಾವಿ, ಗುಡಿಗಳ ವಿವರವನ್ನೂ ಬೀಚನಹಳ್ಳಿಯಲ್ಲಿಯೇ ಒಂದು ಮನೆಮಾಡಿ ಇರಿಸುವ ಕೆಲಸವು, ಆ ಹಿರಿಯರು ಇರುವಾಗಲೇ ನಡೆಯತಕ್ಕದ್ದು.