ವರದಕ್ಷಿಣೆಯೂ ನಮ್ಮ ಸಾಕ್ಷಿಯೂ



ನಮ್ಮ ಶಾಲೆಯಲ್ಲಿ ಓದಿ ಹೋದ ಮಗಳೊಬ್ಬಳು ಮದುವೆಯ ಕರೆಯೋಲೆಯನ್ನು ಹಿಡಿದು ಬಂದಾಗ ನಮಗಾಗುವ ಹರ್ಷವು ಅಷ್ಟಿಷ್ಟಲ್ಲ. ಆದರೆ ಆ ಹರ್ಷದ ಬೆನ್ನಲ್ಲಿಯೇ ಒಂದು ಪ್ರಶ್ನೆಯು ನನ್ನನ್ನು ಚುಚ್ಚುವುದುಂಟು: ಈ ಮದುವೆಗೋಸ್ಕರ ಇವಳ ತಂದೆತಾಯಿಗಳು ಎಷ್ಟು ಸಾಲ ಮಾಡಿದರೋ? ಮೂರು ಆದಿತ್ಯವಾರ ದೇವಾಲಯದಲ್ಲಿ ವಿವಾಹದ ಪ್ರಕಟಣೆಯನ್ನು ಓದುವ ಪದ್ಧತಿಯು ಅನೇಕ ಸಭೆಗಳಲ್ಲಿ ಇದೆ. ವಧೂವರರ ಹೆಸರು, ಅವರ ತಂದೆತಾಯಿಗಳ ಹೆಸರು, ಊರು, ಎಲ್ಲವನ್ನೂ ಸಭೆಯು ಕೇಳುತ್ತದೆ. ಎರಡು ಮನೆಗಳ ಮಧ್ಯೆ ಗೊತ್ತಾದ ಹಣದ ಮೊತ್ತವನ್ನು ಮಾತ್ರ ಯಾರೂ ಓದುವುದಿಲ್ಲ. ಸಭೆಯ ಮುಂದೆ ಓದಲು ನಾಚುವಂಥದನ್ನು ಮನೆಯೊಳಗೆ ಮಾಡುವುದು ಹೇಗೆ ಸರಿಯಾದೀತು?

ಈ ಪದ್ಧತಿಯು ಅನ್ಯರದು, ನಮ್ಮದಲ್ಲ ಎನ್ನುವ ಕ್ರೈಸ್ತರಿದ್ದಾರೆ. ಅದು ನಿಜವಲ್ಲ. ನಾವು ಬಿಟ್ಟಿರುವುದು ಹೆಸರನ್ನು ಮಾತ್ರ, ವಸ್ತುವನ್ನು ಬಿಡಲಿಲ್ಲ. ಪ್ರೀತಿಯ ಕಾಣಿಕೆ, ಮದುವೆಯ ಖರ್ಚಿನ ಪಾಲು, ಹುಡುಗನ ವಾಹನ ಎಂಬ ಹೊಸ ಹೆಸರುಗಳಿಂದ ಅದೇ ಹಣವು ಕೈ ಬದಲಾಯಿಸುತ್ತದೆ. ಆದಿಕಾಂಡದಲ್ಲಿ ಯಾಕೋಬನು ರಾಹೇಲಳಿಗೋಸ್ಕರ ಏಳು ವರ್ಷ ದುಡಿದನು. ಅಲ್ಲಿ ಸೇವೆ ಸಲ್ಲಿಸಿದವನು ವರನು. ಆದರೂ ತಂದೆಯು ತಮ್ಮನ್ನು ಮಾರಿ ಹಣವನ್ನು ತಿಂದುಬಿಟ್ಟನೆಂದು ಲೇಯಳೂ ರಾಹೇಲಳೂ ಮುಂದೆ ದುಃಖಪಟ್ಟರು. ಹಣವು ಯಾವ ಕಡೆಯಿಂದ ಬಂದರೂ ಹೆಣ್ಣನ್ನು ವ್ಯಾಪಾರದ ಮಾತಿನಲ್ಲಿ ಸೇರಿಸಿದರೆ ಆಕೆಯ ಮನಸ್ಸು ನೋಯುವುದೆಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಕೆ?

ದೇಶದ ಕಾಯಿದೆಯೂ ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1961ರ ವರದಕ್ಷಿಣೆ ನಿಷೇಧ ಕಾಯಿದೆಯು ಎಲ್ಲಾ ಮತದವರಿಗೂ ಅನ್ವಯಿಸುತ್ತದೆ. ಮದುವೆಗೆ ಮುಂಚೆ, ಮದುವೆಯಲ್ಲಿ, ಅಥವಾ ಅನಂತರ ಮದುವೆಯ ಸಂಬಂಧವಾಗಿ ಕೊಡುವ ಸೊತ್ತು ವರದಕ್ಷಿಣೆಯೇ. ತೆಗೆದುಕೊಳ್ಳುವುದೂ ಕೊಡುವುದೂ ಎರಡೂ ಅಪರಾಧ. 1986ರ ತಿದ್ದುಪಡಿಯ ಮೇರೆಗೆ ಸಾಮಾನ್ಯವಾಗಿ 5 ವರ್ಷಗಳಿಗೆ ಕಡಮೆಯಿಲ್ಲದ ಸೆರೆವಾಸವೂ ದಂಡವೂ ಉಂಟು. ಆದರೆ ನೊಂದವರು ದೂರಿನಲ್ಲಿ ಹೇಳಿದ ಮಾತನ್ನೇ ಹಿಡಿದು ಅವರ ಮೇಲೆ ಮೊಕದ್ದಮೆ ಹೂಡಕೂಡದು. ಯಾರೂ ಕೇಳದೆ ಪ್ರೀತಿಯಿಂದ ಕೊಡುವ ಉಡುಗೊರೆಗೆ ಅಡ್ಡಿಯಿಲ್ಲ. ಅದು ವಾಡಿಕೆಗೂ ಕೊಡುವವರ ಶಕ್ತಿಗೂ ತಕ್ಕದ್ದಾಗಿರಬೇಕು. 1985ರ ನಿಯಮಗಳಂತೆ ಅಂಥ ಉಡುಗೊರೆಗಳ ಪಟ್ಟಿಯನ್ನು ಸುಮಾರು ಬೆಲೆಯ ಸಹಿತ ಬರೆದು ವಧೂವರರಿಬ್ಬರೂ ರುಜು ಹಾಕತಕ್ಕದ್ದು. ಈ ಪಟ್ಟಿಯನ್ನು ಬರೆಯುವ ಮನೆಗಳು ಎಷ್ಟಿವೆ? ಬರೆಯಲು ಅಂಜುವುದೇ ನಮ್ಮ ಮನಸ್ಸಾಕ್ಷಿಯ ಮಾತಲ್ಲವೇ?

ಮಗಳಿಗೆ ಏನೂ ಕೊಡಬಾರದೇ ಎಂದು ತಂದೆತಾಯಿಗಳು ಕೇಳಬಹುದು. ಕೊಡಬೇಕು, ಆದರೆ ಅವಳಿಗೇ ಕೊಡಬೇಕು. ಅರಣ್ಯಕಾಂಡದಲ್ಲಿ ಚಲ್ಪಹಾದನ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು ತಂದೆಯ ಸ್ವಾಸ್ತ್ಯವನ್ನು ಕೇಳಿದರು. ಅವರ ಮಾತು ನ್ಯಾಯವೆಂದು ದೇವರೇ ಹೇಳಿದನು. ನಮ್ಮ ನೆರೆಯ ತಿರುವಾಂಕೂರಿನ ಹಳೆಯ ಕಾಯಿದೆಯಲ್ಲಿ ಕ್ರೈಸ್ತ ಮಗಳಿಗೆ ಸಿಕ್ಕುತ್ತಿದ್ದುದು ಮಗನ ಪಾಲಿನ ಕಾಲುಭಾಗ, ಇಲ್ಲವೆ 5,000 ರೂಪಾಯಿ, ಇವುಗಳಲ್ಲಿ ಯಾವುದು ಕಡಮೆಯೋ ಅದು. ಕೋಟ್ಟಯಂನಲ್ಲಿ ಶಾಲೆಯನ್ನು ನಡೆಸುತ್ತಿದ್ದ ಮೇರಿ ರಾಯ್ ಎಂಬಾಕೆಯು ಇದನ್ನು ಪ್ರಶ್ನಿಸಿದರು. 1986ರಲ್ಲಿ ಸುಪ್ರೀಂ ಕೋರ್ಟು ಅಲ್ಲಿಯ ಕ್ರೈಸ್ತರಿಗೂ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯೇ ಸಲ್ಲುವುದೆಂದು ತೀರ್ಪು ಕೊಟ್ಟಿತು. ಆ ಕಾಯಿದೆಯಂತೆ ಕ್ರೈಸ್ತನು ಮರಣಶಾಸನ ಬರೆಯದೆ ತೀರಿಕೊಂಡರೆ ಆಸ್ತಿಯ ಮೂರನೆಯ ಒಂದು ಪಾಲು ವಿಧವೆಗೆ. ಉಳಿದುದು ಮಕ್ಕಳಿಗೆ, ಗಂಡು ಹೆಣ್ಣೆಂಬ ಭೇದವಿಲ್ಲದೆ ಸಮನಾಗಿ. ಮದುವೆಯಲ್ಲಿ ಕೊಟ್ಟಾಯಿತೆಂದು ಹೇಳಿ ಮಗಳಿಂದ ಹಕ್ಕುಬಿಡುಗಡೆಯ ಪತ್ರಕ್ಕೆ ರುಜು ಹಾಕಿಸುವ ತಂದೆಯು ಸ್ವಲ್ಪ ಯೋಚಿಸಲಿ. ಕೊಟ್ಟದ್ದು ಅಳಿಯನ ಮನೆಗೆ. ಕಿತ್ತುಕೊಂಡದ್ದು ಮಗಳ ಕೈಯಿಂದ.

ಇದನ್ನು ಬರೆಯುವ ನನ್ನ ಕೈಯೂ ಶುದ್ಧವಲ್ಲ. ಕೆಲವು ವರ್ಷಗಳ ಹಿಂದೆ ನನ್ನ ತಮ್ಮನ ಮದುವೆಯ ಮಾತುಕತೆಯಾಯಿತು. ನಮ್ಮವರು ಬಾಯಿಬಿಟ್ಟು ಏನನ್ನೂ ಕೇಳಲಿಲ್ಲ. "ನಿಮ್ಮ ಮಗಳಿಗೆ ನಿಮ್ಮ ಇಷ್ಟದಂತೆ ಮಾಡಿರಿ" ಎಂದಷ್ಟೇ ಹೇಳಿದರು. ಆ ಮಾತಿನ ಭಾರವೆಷ್ಟೆಂಬುದು ಹೆಣ್ಣಿನ ತಂದೆಗೆ ತಿಳಿದಿತ್ತು. ಅದೇ ಕೋಣೆಯಲ್ಲಿ ಕುಳಿತಿದ್ದ ನನಗೂ ತಿಳಿದಿತ್ತು. ಆ ವಾರವೇ ನಾನು ತರಗತಿಯಲ್ಲಿ ಅನನೀಯ ಸಪ್ಫೈರರ ಪಾಠವನ್ನು ಹೇಳಿದ್ದೆನು. ಹಣವನ್ನು ಇಟ್ಟುಕೊಂಡದ್ದಕ್ಕಿಂತಲೂ ಇಟ್ಟುಕೊಳ್ಳಲಿಲ್ಲವೆಂದು ತೋರಿಸಿಕೊಂಡದ್ದೇ ಅವರ ಪಾಪವೆಂದು ಮಕ್ಕಳಿಗೆ ವಿವರಿಸಿದ್ದೆನು. ಮನೆಯಲ್ಲಿ ಮಾತ್ರ ಬಾಯಿ ತೆರೆಯಲಿಲ್ಲ. ಆ ತಂದೆಯು ತೋಟವನ್ನು ಅಡವಿಟ್ಟರೆಂಬುದು ಮದುವೆಯ ತರುವಾಯ ಗೊತ್ತಾಯಿತು. ತಮ್ಮನ ಹೆಂಡತಿಯು ಇಂದಿನ ವರೆಗೆ ನನಗೆ ಒಂದು ಕಠಿಣ ಮಾತನ್ನೂ ಆಡಲಿಲ್ಲ. ಅದೇ ನನಗೆ ದೊಡ್ಡ ಶಿಕ್ಷೆ.

ಆದಕಾರಣ ನನ್ನ ಬಿನ್ನಹವು ಹೆಣ್ಣು ಹೆತ್ತವರಿಗಿಂತ ಹೆಚ್ಚಾಗಿ ಗಂಡು ಹೆತ್ತವರಿಗೆ. ಹೆಣ್ಣಿನ ಕಡೆಯವರು ಬೇಡವೆಂದರೆ ಸಂಬಂಧ ಮುರಿಯುವ ಭಯವುಂಟು. ಗಂಡಿನ ಕಡೆಯವರು ಬೇಡವೆಂದರೆ ನಷ್ಟವಾಗುವುದು ಆಶೆಗೆ ಮಾತ್ರ. ನಮ್ಮ ಪೂರ್ವವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಪ್ರಾಯಕ್ಕೆ ಬಂದ ಗಂಡುಮಕ್ಕಳ ತಾಯಂದಿರು. ಅಮ್ಮಂದಿರೇ, ಮಾತುಕತೆಗೆ ಕುಳಿತಾಗ ಸುಮ್ಮನಿರಬೇಡಿರಿ; ನನ್ನ ಹಾಗೆ ಆಗಬೇಡಿರಿ. "ನಿಮ್ಮ ಇಷ್ಟ" ಎನ್ನಬೇಡಿರಿ. "ನಮಗೆ ಏನೂ ಬೇಡ, ಸಾಲ ಮಾಡಬೇಡಿರಿ" ಎಂದು ತಿಳಿಯುವಂತೆ ಹೇಳಿರಿ. ಸೊಸೆಗೆ ಆಕೆಯ ತವರಿನವರು ಕೊಟ್ಟದ್ದು ಆಕೆಯ ಹೆಸರಿನಲ್ಲಿಯೇ ಇರಲಿ. ಉಡುಗೊರೆಯ ಪಟ್ಟಿಯನ್ನು ನೀವೇ ಮುಂದಾಗಿ ಬರೆಯಿಸಿರಿ. ನಿಮ್ಮ ಹೌದು ಹೌದಾಗಿಯೂ ಅಲ್ಲ ಅಲ್ಲವಾಗಿಯೂ ಇರಲಿ.

ಈ ಶಾಲೆಗೆ ಮಕ್ಕಳನ್ನು ಕಳುಹಿಸುವ ಅನ್ಯಮತೀಯ ಪೋಷಕರೂ ಇದನ್ನು ಓದುವಿರಿ. ನಿಮಗೆ ಉಪದೇಶಿಸಲು ಇದನ್ನು ಬರೆಯಲಿಲ್ಲ. ನಮ್ಮ ಮನೆಯ ಕಸವನ್ನು ಮೊದಲು ಗುಡಿಸಬೇಕೆಂದು ಬರೆದೆನು. ನೆರೆಯವರು ನಮ್ಮ ಪ್ರಾರ್ಥನೆಯನ್ನು ಅಪರೂಪಕ್ಕೆ ಕೇಳುತ್ತಾರೆ. ನಮ್ಮ ಮದುವೆಗಳನ್ನೋ ಪ್ರತಿ ವರ್ಷ ನೋಡುತ್ತಾರೆ. ಮುಂದೆ ನಮ್ಮ ಮಗಳೊಬ್ಬಳು ಕರೆಯೋಲೆಯನ್ನು ಹಿಡಿದು ಬಂದಾಗ ಅವಳ ತಂದೆಯ ಸಾಲವನ್ನು ಕುರಿತು ಯೋಚಿಸದೆ ಅವಳನ್ನು ಹರಸುವ ಭಾಗ್ಯವು ನಮಗೆ ದೊರೆಯಲಿ. ದೇವರು ನಿಮ್ಮ ಮನೆಗಳನ್ನು ಆಶೀರ್ವದಿಸಲಿ.